ರಾಜನ ಬೆನ್ನಿಗೆ ಬಿದ್ದ ಬಾಕು

"ಕಟ್!" ಎಂದು ನಿರ್ದೇಶಕರು ಕೂಗಿದರೂ ರಾಜ ಮೇಲೇಳಲಿಲ್ಲ.

ನಾನು ಆ ಹಿಂದಿ ಚಿತ್ರದ ಸಹಾಯಕ ನಿರ್ದೇಶಕ. ದಂಗೆಯೆದ್ದ ಸೇನಾಪತಿ ಸಿಂಹಾಸನದ ಮುಂದೆಯೇ ರಾಜನ ಬೆನ್ನಿಗೆ ಬಾಕು ಹಾಕುವ ದೃಶ್ಯ. ಆ ಇಬ್ಬರು ನಟರು ನಿಜಕ್ಕೂ ಒಡಹುಟ್ಟಿದವರು: ರಾಜನಾಗಿ ಅಣ್ಣ, ಸೇನಾಪತಿಯಾಗಿ ತಮ್ಮ. ಒತ್ತಿದರೆ ಅಲಗು ಹಿಡಿಯೊಳಗೆ ಸರಿದುಹೋಗುವ ಸ್ಪ್ರಿಂಗ್ ಬಾಕು ಅದು. ಬೆಳಗ್ಗೆಯಿಂದ ಮೇಜಿನ ಮೇಲೆ ಎಲ್ಲರ ಕೈಗೂ ಸಿಗುವಂತೆ ಬಿದ್ದಿತ್ತು. ಈಗ ಅಲಗು ಸರಿಯಲಿಲ್ಲ. ಯಾರೋ ಹಿಡಿಯೊಳಗೆ ಅಂಟು ಸುರಿದಿದ್ದರು!

ಅಣ್ಣನನ್ನು ಆಸ್ಪತ್ರೆಗೆ ಸಾಗಿಸಿದೆವು. ಜೀವಕ್ಕೆ ಅಪಾಯವಿಲ್ಲವೆಂದು ಫೋನ್ ಬಂತು. ಜೊತೆಗೆ ಅವನ ಹೇಳಿಕೆಯೂ ಬಂತು — ತಮ್ಮನೇ ಕೊಲ್ಲಲು ನೋಡಿದ. ಇನ್ನೇನು, ಪೊಲೀಸ್ ಜೀಪು ಬಾಗಿಲಿಗೇ ಬಂದು ನಿಂತಿತು.

ಚಿತ್ರಕ್ಕೆ ವಿಮೆ ಮಾಡಿದ್ದ ಕಂಪನಿಯ ಪರವಾಗಿ ತನಿಖೆಗೆ ಬಂದವರು ನನ್ನ ಅತ್ತಿಗೆ. ಮನೆಯಲ್ಲಿ ತಮ್ಮ ಕನ್ನಡಕ ಹುಡುಕುವುದಕ್ಕೂ ನನ್ನನ್ನೇ ಕೂಗುವವರು. ಇಲ್ಲಿ ಮಾತ್ರ ಹದ್ದಿನ ಕಣ್ಣು!

"ರಿಹರ್ಸಲ್‌ನಲ್ಲಿ ಎಡಗಡೆ ಚುಚ್ಚಿದೀಯ. ಟೇಕ್‌ನಲ್ಲಿ ಬಲಗಡೆ ಯಾಕೆ?" ಎರಡರ ವಿಡಿಯೋವನ್ನೂ ನೋಡಿ ಅತ್ತಿಗೆ ಕೇಳಿದರು.

ತಮ್ಮ ನಿರ್ದೇಶಕರತ್ತ ಕೈ ತೋರಿಸಿದ. "ನಿರ್ದೇಶಕರೇ ಹೇಳಿದ್ದು ಮೇಡಂ. ಅಣ್ಣಂಗೆ ಹೇಳ್ಬೇಡ, ನಿಜವಾಗ್ಲೂ ಬೆಚ್ಚಿಬೀಳಲಿ ಅಂದ್ರು."

"ಹೌದು, ನಾನೇ ಕಿವೀಲಿ ಹೇಳ್ದೆ," ನಿರ್ದೇಶಕರು ತಲೆ ಕೆರೆದುಕೊಂಡರು.

"ಅಣ್ಣತಮ್ಮಂದಿರ ಮಧ್ಯೆ ಜಗಳ ಇತ್ತಾ?" ಜೀಪಿನಲ್ಲಿ ಬಂದಿದ್ದ ಇನ್‌ಸ್ಪೆಕ್ಟರ್ ಕೇಳಿದರು.

"ನಿರ್ಮಾಪಕರು ತಮ್ಮನ ಪಾತ್ರ ಬೆಳೆಸ್ತಾ ಹೋದ್ರು. ಆವಾಗಿಂದ ಇಬ್ರಿಗೂ ಮಾತಿಲ್ಲ," ಎಂದುಬಿಟ್ಟೆ ನಾನು. ಹಾಳು ಬಾಯಿ ನನ್ನದು!

"ಅಂದ್ರೆ ಸಿಟ್ಟಿತ್ತು ಅಂತಾಯ್ತು." ಇನ್‌ಸ್ಪೆಕ್ಟರ್ ತಮ್ಮನ ತೋಳು ಹಿಡಿದರು.

"ಒಂದ್ನಿಮಿಷ ತಡೀರಿ ಸಾರ್." ಅತ್ತಿಗೆ ಆಸ್ಪತ್ರೆಯಿಂದ ತರಿಸಿದ್ದ ರಾಜನ ನಿಲುವಂಗಿಯನ್ನು ಒಳಗು ಹೊರಗು ಮಾಡಿ ಮೇಜಿನ ಮೇಲೆ ಹರಡಿದರು. ಬಲಬೆನ್ನಿನಲ್ಲಿ ತೂತು, ರಕ್ತ. ಎಡಬೆನ್ನಿಗೆ ಅಂಗೈಯಗಲದ ದಪ್ಪ ತೊಗಲು ಹೊಲಿದಿತ್ತು.

"ಇದು ನಿಮ್ಮ ಕೈಕೆಲಸಾನಾ ಅಕ್ಕ?"

"ಥೂ! ಇಂಥ ಡೊಂಕು ಹೊಲಿಗೆ ನಾನ್ ಹಾಕ್ತೀನಾ?" ಉಡುಪು ಹೊಲಿಯುವಾಕೆ ಸಿಡುಕಿದಳು. "ರಾಜನ ಪಾರ್ಟ್ ಮಾಡೋ ಸಾರ್ ನಿನ್ನೆ ತೊಟ್ಟು ನೋಡ್ತೀನಿ ಅಂತ ಅಂಗೀನ ರೂಮಿಗೆ ತರಿಸ್ಕೊಂಡಿದ್ರು. ಬೆಳಗ್ಗೆ ಅಲ್ಲಿಂದಾನೇ ಹಾಕ್ಕೊಂಡು ಬಂದ್ರು."

ಅತ್ತಿಗೆ ನಮ್ಮತ್ತ ತಿರುಗಿದರು.

"ಎಲ್ರೂ ಬಾಕು ನೋಡಿದ್ರಿ, ಅಂಗಿ ನೋಡ್ಲಿಲ್ಲ. ಆಟದ ಬಾಕುಗೆ ಯಾರಾದ್ರೂ ಬೆನ್ನಿಗೆ ತೊಗಲು ಕಟ್ಕೊಳ್ತಾರಾ? ತಮ್ಮನ ಮೇಲೆ ಸಂಶಯ ಇದ್ದಿದ್ರೆ ಅಣ್ಣ ಮೊದ್ಲೇ ಬಾಯಿ ಬಿಡ್ತಿದ್ದ. ಬಿಡ್ಲಿಲ್ಲ — ಯಾಕಂದ್ರೆ ಅಂಟು ಸುರಿದೋನು ಅವನೇ! ಅಂಗಿ ಹರೀಬೇಕು, ಮೈಗೇನೂ ಆಗ್ಬಾರ್ದು, ತಮ್ಮ ಜೈಲಿಗೆ ಹೋಗ್ಬೇಕು. ಬಾಕು ಎಡಕ್ಕೇ ಬರುತ್ತೆ ಅಂತ ನಂಬ್ಕೊಂಡಿದ್ದ. ಬಲಕ್ಕೆ ಬಂತು."

ಇನ್‌ಸ್ಪೆಕ್ಟರ್ ತಮ್ಮನ ತೋಳು ಬಿಟ್ಟರು. ನನಗೆ ಹೋದ ಉಸಿರು ಬಂದಂತಾಯಿತು. ತಮ್ಮ ಮಾತ್ರ ಕುಸಿದು ಕುಳಿತ. ಬಿಡುಗಡೆಯಾದವನ ಮುಖವಾಗಿರಲಿಲ್ಲ ಅದು.

ಎಲ್ಲರೂ ಆಸ್ಪತ್ರೆಗೆ ಹೋದೆವು. ಅಣ್ಣ ಎಡಮಗ್ಗುಲಾಗಿ ಮಲಗಿದ್ದ. ಇನ್‌ಸ್ಪೆಕ್ಟರ್ ತೊಗಲನ್ನು ತೋರಿಸಿದರು.

"ಕೇಳಿದ್ರೆ ಪಾತ್ರಾನೇ ಬಿಟ್ಕೊಡ್ತಿದ್ನಲ್ಲಣ್ಣ..." ತಮ್ಮನಿಗೆ ಅಳು ತಡೆಯಲಾಗಲಿಲ್ಲ.

ಅಣ್ಣ ಗೋಡೆಯ ಕಡೆ ಹೊರಳಲು ನೋಡಿದ. ಬೆನ್ನಿನ ಗಾಯ ಬಿಡಲಿಲ್ಲ. ತಮ್ಮನ ಮುಖವನ್ನೇ ನೋಡುತ್ತ ಮಲಗಬೇಕಾಯಿತು.