ಎಲುಬುಗನ್ನಡಿಯ ತೀರ್ಪು

ಗಾಜಿನ ಹಲಗೆಯ ಮೇಲೆ ಅಂಗೈ ಊರಿದರೆ ಸಾಕು, ಎಲುಬುಗನ್ನಡಿ ಹುಡುಗನ ವಯಸ್ಸನ್ನು ತಿಂಗಳು ಸಮೇತ ಹೇಳಿಬಿಡುತ್ತಿತ್ತು. ಎರಡು ಸಾವಿರದ ಅರವತ್ತನೆಯ ಇಸವಿಯ ಹೊತ್ತಿಗೆ ಮಕ್ಕಳ ಕ್ರೀಡಾಕೂಟಗಳಲ್ಲಿ ವಯಸ್ಸಿನ ಮೇಲೆ ದೂರು ಬಂದರೆ ಅದರ ಮಾತೇ ವೇದವಾಕ್ಯ. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನವನ್ನು ಅನುಕೂಲಕ್ಕೆ ತಕ್ಕಂತೆ ಬರೆಸುವ ನಮ್ಮ ಜನರ ಚಾಳಿ ಆಗಲೂ ಹೋಗಿರಲಿಲ್ಲವಾದ್ದರಿಂದ, ಜನನಪತ್ರವನ್ನು ಯಾರೂ ಮೂಸಿಯೂ ನೋಡುತ್ತಿರಲಿಲ್ಲ. ಇಷ್ಟೆಲ್ಲ ಕಂಡುಹಿಡಿದವರು ಹೊಟ್ಟೆಕಿಚ್ಚಿಗೆ ಮಾತ್ರ ಮದ್ದು ಕಂಡುಹಿಡಿದಿರಲಿಲ್ಲ.

ಮಂಡ್ಯ ಸೀಮೆಯ ಒಂದು ವಾಲಿಬಾಲ್ ತಂಡದ ಜವರೇಶನಿಗೆ ಆ ಕಿಚ್ಚು ಹತ್ತಿ ಹತ್ತು ತಿಂಗಳಾಗಿತ್ತು. ಹದಿನಾಲ್ಕರೊಳಗಿನವರ ತಂಡದಲ್ಲಿ ನೆಟ್ ಬಳಿ ಎಗರಿ ಹೊಡೆಯುವ ಜಾಗ ಅವನದಾಗಿತ್ತು. ಹನ್ನೆರಡಕ್ಕೇ ಮೀಸೆ ಚಿಗುರಿಸಿಕೊಂಡಿದ್ದ ಅವನೇ ಎಲ್ಲರಿಗಿಂತ ಎತ್ತರ, ಗೆಳೆಯ ಚಲುವರಾಜ ಅವನ ಭುಜಕ್ಕೆ ಬರುತ್ತಿದ್ದ. ಅಂಥವನು ಒಂದೇ ವರ್ಷದಲ್ಲಿ ಕಬ್ಬಿನ ಜಲ್ಲೆಯ ಹಾಗೆ ಬೆಳೆದು ಜವರೇಶನನ್ನೂ ಮೀರಿದ, ಆ ಜಾಗವನ್ನೂ ಹಿಡಿದ. ಜವರೇಶ ಹಿಂದಿನ ಸಾಲಿಗೆ ಬಿದ್ದ. ಚಲುವರಾಜನ ಪ್ಯಾಂಟು ಗಿಡ್ಡವಾದುದನ್ನು ಕಂಡರೂ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ರಾಜ್ಯಮಟ್ಟದ ಪಂದ್ಯಕ್ಕೆ ಎರಡು ದಿನವಿರುವಾಗ ಅವನು ಹೆಸರು ಹಾಕದೆ ಗುಟ್ಟಾಗಿ ಒಂದು ದೂರು ಕಳಿಸಿದ: ಚಲುವರಾಜನ ವಯಸ್ಸು ಸುಳ್ಳು, ಎಲುಬು ನೋಡಿ.

ಒಬ್ಬನ ಮೇಲೆ ದೂರು ಬಂದರೆ ಇಡೀ ತಂಡ ಕೈ ಊರಬೇಕೆಂಬ ನಿಯಮ ಅವನಿಗೆ ಗೊತ್ತಿರಲಿಲ್ಲ. ಚಲುವರಾಜನದು ಹದಿಮೂರು ವರ್ಷ ಎರಡು ತಿಂಗಳೆಂದು ಬಂತು. ಜವರೇಶನ ಸರದಿಯಲ್ಲಿ ಕನ್ನಡಿ ಕೆಂಪಾಯಿತು: ಹದಿನಾರು ವರ್ಷ ಒಂದು ತಿಂಗಳು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. "ಮೀಸೆ ನೋಡಿದ್ರೇ ಗೊತ್ತಾಗಕಿಲ್ವಾ," ಎಂದು ಬೇರೆ ತಂಡದವರು ನಕ್ಕರು.

"ನಂಗಿನ್ನೂ ಹದಿಮೂರೂವರೆ ಮೇಡಂ," ಎಂದ ಜವರೇಶ.

ಕನ್ನಡಿಯನ್ನು ರೂಪಿಸಿದ ಡಾ. ನಂಜಮ್ಮಣ್ಣಿ ಅಲ್ಲೇ ಇದ್ದರು. "ನೀನು ಹೇಳೋದೂ ನಿಜ, ಕನ್ನಡಿ ಹೇಳೋದೂ ನಿಜ ಕಣಪ್ಪ. ಎಲುಬಿನ ತುದಿಯಲ್ಲಿ ಮೆತ್ತಗಿನ ಬೆಳೆಪಟ್ಟಿ ಅಂತ ಇರುತ್ತೆ, ಉದ್ದ ಬೆಳೆಯೋದು ಅಲ್ಲಿಂದ. ಪ್ರಾಯ ಬಲಿತ ಮೇಲೆ ಅದು ಗಟ್ಟಿಯಾಗಿ ಮುಚ್ಚಿಹೋಗುತ್ತೆ. ನಿಂಗೆ ಪ್ರಾಯ ಬೇಗ ಬಂತು, ಅದಕ್ಕೇ ಮೊದಲು ಎತ್ತರವಾದೆ. ಕನ್ನಡಿ ನೋಡೋದು ಎಲುಬು ಎಷ್ಟು ಮಾಗಿದೆ ಅಂತ, ಹುಟ್ಟಿದ ದಿನವನ್ನಲ್ಲ. ಇದನ್ನೆಲ್ಲ ಬರೆದುಕೊಟ್ಟಿದ್ದೆ, ನಿಯಮ ಮಾಡಿದವರು ಓದಲಿಲ್ಲ."

ಜವರೇಶ ಚಲುವರಾಜನ ಕಡೆ ಕೈ ತೋರಿಸಿದ. "ಅವನ್ದು?"

"ಅವನ ಪಟ್ಟಿ ಇನ್ನೂ ತೆರೆದಿದೆ. ಎಲುಬು ಉದ್ದವಾದಷ್ಟು ಬೇಗ ಅದಕ್ಕೆ ಕ್ಯಾಲ್ಸಿಯಂ ತುಂಬಲ್ಲ, ಈಗ ಎಳಸು. ಬಿದ್ದರೆ ಮುರಿದೀತು. ರಾಗಿ, ಹಾಲು, ಬಿಸಿಲು ಬೇಕು. ಇನ್ನೂ ಒಂದು ಗೇಣು ಬೆಳೀತಾನೆ."

"ನಾನು?"

"ಒಂದೆರಡು ಬೆರಳು."

ವಯಸ್ಸು ಮುಚ್ಚಿಟ್ಟ ತಪ್ಪಿಗೆ ಮೂರು ವರ್ಷ ಆಡುವಂತಿಲ್ಲ ಎಂದು ಪಂದ್ಯದ ಮೇಲ್ವಿಚಾರಕ ಬರೆದುಕೊಂಡ. ಆಗ ಚಲುವರಾಜ ತಂಡದ ಅಂಗಿ ಬಿಚ್ಚಿ ಮೇಜಿನ ಮೇಲಿಟ್ಟ. "ನಮ್ಮವ್ವ, ಇವ್ರವ್ವ ಒಂದೇ ವಾರ್ಡ್‌ನಲ್ಲಿ ಹೆತ್ತವ್ರೆ ಸಾರ್. ಇವ್ನು ನನ್ಗಿಂತ ನಾಕು ದಿನ ಚಿಕ್ಕೋನು. ಇವ್ನು ಆಚ್ಗೆ ಹೋದ್ರೆ ನಾನೂ ಆಡಕಿಲ್ಲ."

ಜವರೇಶ ಬಯಸಿದ್ದೂ ಅದನ್ನೇ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಚಲುವರಾಜ ತಾನಾಗಿ ತಂಡದಿಂದ ಹೊರಗೆ. ಒಂದು ಕ್ಷಣ ಅವನಿಗೆ ಹಾಯೆನಿಸಿದ್ದೂ ಸುಳ್ಳಲ್ಲ.

"ದೂರು ಕೊಟ್ಟವನು ಬಂದು ಎಲ್ಲರೆದುರು ವಾಪಸ್ ತಗೊಂಡರೆ ಪರೀಕ್ಷೆನೇ ರದ್ದು. ಬೇರೆ ದಾರಿ ಇಲ್ಲ," ಎಂದ ಮೇಲ್ವಿಚಾರಕ.

ಚಲುವರಾಜ ಸುತ್ತ ನಿಂತವರ ಕಡೆ ತಿರುಗಿದ. "ಯಾರಾದ್ರೂ ಆಗಿರ್ಲಿ, ನಾನು ಒಂದ್ಮಾತೂ ಅನ್ನಕಿಲ್ಲ. ಇವ್ನ ಮೂರು ವರ್ಸ ಹಾಳಾಯ್ತದೆ, ಬಂದು ಹೇಳ್ರಪ್ಪ," ಎಂದು ಒಬ್ಬೊಬ್ಬರ ಮುಂದೆಯೂ ಕೈ ಮುಗಿಯುತ್ತ ಹೊರಟ. ಮೂರನೆಯವನ ಮುಂದೆ ಅವನು ಕೈ ಜೋಡಿಸಿದಾಗ ಜವರೇಶನಿಗೆ ತಡೆಯಲಾಗಲಿಲ್ಲ.

"ನಾನೇ ಕಣ್ಲಾ," ಎಂದ.

ಚಲುವರಾಜ ಬೈಯಲಿಲ್ಲ, ಹೊಡೆಯಲಿಲ್ಲ. "ಆ ಜಾಗ ಬೇಕು ಅಂದಿದ್ರೆ ನಾನು ಬುಟ್ಟುಕೊಡ್ತಿರ್ನಿಲ್ವೇನ್ಲಾ?" ಎಂದಷ್ಟೇ ಕೇಳಿ ಅಂಗಿ ತೊಟ್ಟುಕೊಂಡ.

ಖಂಡಿತ ಬಿಟ್ಟುಕೊಡುತ್ತಿದ್ದ, ಅದು ಜವರೇಶನಿಗೂ ಗೊತ್ತು. ಅವನ ಎತ್ತರವನ್ನಾದರೂ ಸಹಿಸಿಕೊಳ್ಳಬಹುದಿತ್ತು, ಈ ದೊಡ್ಡತನವನ್ನು ಸಹಿಸುವುದು ಹೇಗೆ? ದೂರು ವಾಪಸ್ ಪಡೆದು ರುಜು ಹಾಕುವಾಗ ಅವನ ಹೊಟ್ಟೆ ಮೊದಲಿಗಿಂತ ಹೆಚ್ಚಾಗಿ ಉರಿಯುತ್ತಿತ್ತು.