ಅಂಟಿಸಿದ ಹಾಳೆಯ ಕೆಳಗೆ

“ಆ ಹಾಳೆ ಒಂದನ್ನ ಮಾತ್ರ ಕೀಳಬೇಡಪ್ಪ,” ಎಂದ ಬೈಂಡಿಂಗ್ ಅಜ್ಜ.

ಮೇಷ್ಟ್ರ ಮಗ ನಕ್ಕ. ಪತ್ರಿಕಾ ಕಚೇರಿಯ ಹಳೇ ಸಂಚಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಡುವ ಕೆಲಸಕ್ಕೆ ಸೇರಿ ಅವನಿಗಿನ್ನೂ ಮೂರು ದಿನ. ಮುಂದಿದ್ದ ಸಂಪುಟದಲ್ಲಿ ಒಂದು ಮುಖಪುಟದ ಮೇಲೆ ಕಂದು ಕಾಗದ ಅಂಟಿಸಿತ್ತು, ನಾಲ್ಕೂ ಅಂಚು ಬಿಗಿಯಾಗಿ.

ಅಜ್ಜ ದನಿ ತಗ್ಗಿಸಿ ಹೇಳಿದ. ನಲವತ್ತು ವರ್ಷದ ಹಿಂದೆ ಆ ಪುಟದಲ್ಲಿ ಒಬ್ಬ ಕಂಪೌಂಡರನ ಸುದ್ದಿ ಬಂದಿತ್ತು: ಮಗುವಿಗೆ ವಿಷ ಕುಡಿಸಿದ ಆರೋಪ, ಬಂಧನ. ಆಮೇಲೆ ಕೋರ್ಟು ಅವನನ್ನು ನಿರ್ದೋಷಿ ಎಂದು ಬಿಟ್ಟಿತು. ಪತ್ರಿಕೆ ಅದರ ಬಗ್ಗೆ ಒಂದು ಸಾಲೂ ಹಾಕಲಿಲ್ಲ. ಊರೆಲ್ಲ ಮುಖಕ್ಕೆ ಉಗಿಯಿತು. ಅವನು ನೇಣು ಹಾಕಿಕೊಂಡ. ಅವನ ತಾಯಿ ಈ ಕೋಣೆಗೇ ಬಂದು, ತನ್ನ ಕೂದಲು ಸುಟ್ಟ ಬೂದಿಯನ್ನು ಗೋಂದಿಗೆ ಕಲಸಿ, ಏನೋ ಮಣಮಣಿಸುತ್ತ ಮಗನ ಹೆಸರು ಮುಚ್ಚಿದಳು. ಇದನ್ನು ತೆರೆದವರ ಮನೆಯವರೇ ಅವನ ಜಾಗದಲ್ಲಿ ನಿಲ್ಲಲಿ ಎಂದಳಂತೆ.

ಗೋಂದಿಗೂ ಮಂತ್ರ ಬರುತ್ತದೆಯೇ ಎಂದು ಇವನು ತಮಾಷೆ ಮಾಡಿದ. ಒಂದು ಪುಟ ಬಿಟ್ಟರೂ ಕೆಲಸ ಅರೆಬರೆ ಎನ್ನುವ ಜಾಯಮಾನ, ಅಪ್ಪನಿಂದ ಬಂದದ್ದು. ಅಜ್ಜ ಕೆಳಗೆ ಊಟಕ್ಕೆ ಇಳಿದದ್ದೇ ತಡ, ಒದ್ದೆ ಸ್ಪಂಜು ಒತ್ತಿ, ಚಾಕು ತೂರಿಸಿ, ಕಾಗದ ಎಬ್ಬಿಸಿದ.

ಸುಟ್ಟ ಕೂದಲಿನ ನಾತ ಗಪ್ಪೆಂದು ಮೂಗಿಗೆ ಬಡಿಯಿತು. ಮಧ್ಯಾಹ್ನದ ಬಿಸಿಲು ಕಿಟಕಿಯಲ್ಲೇ ನಿಂತಿತು. ಒಳಗೆ ಕತ್ತಲೆ ಕವಿಯಿತು. ಕಿವಿಯ ಹತ್ತಿರವೇ ಹೆಂಗಸೊಬ್ಬಳು ಮಣಮಣಿಸುವ ಸದ್ದು. ಪುಟದಲ್ಲಿ ಆರೋಪವಿತ್ತು. ಫೋಟೋವಿತ್ತು. ಮುಖವಿರಲಿಲ್ಲ. ನೋಡನೋಡುತ್ತಿದ್ದಂತೆ ಶಾಯಿ ಹರಿದಾಡಿತು. ಕನ್ನಡಕ ಮೂಡಿತು. ಗಲ್ಲದ ಮಚ್ಚೆ ಮೂಡಿತು. ಅಪ್ಪ.

ಫೋನು ಹೊಡೆದುಕೊಂಡಿತು. ಅಮ್ಮನದು.

“ಶಾಲೇಲಿ ಒಂದು ಮಗು ನೀರು ಕುಡಿದು ಸತ್ತೋಯ್ತಂತೆ ಕಣೋ. ಆ ನೀರು ಕೊಟ್ಟಿದ್ದು ನಿಮ್ಮಪ್ಪ ಅಂತ ಪೊಲೀಸರು ಎಳ್ಕೊಂಡು ಹೋದ್ರು. ಜನ ಹೊಡೀತಿದಾರೆ.”

ನಾತ ಹಿಡಿದು ಮೇಲೆ ಓಡಿಬಂದ ಅಜ್ಜನ ಕಾಲಿಗೆ ಬಿದ್ದ. ಅಪ್ಪನನ್ನು ಉಳಿಸುವ ದಾರಿ ಕೇಳಿದ.

“ಮತ್ತೆ ಮುಚ್ಚಬಹುದು,” ಎಂದ ಅಜ್ಜ. “ಆದರೆ ಯಾರ ಕೂದಲು ಸುಟ್ಟು ಕಲಸ್ತೀಯೋ, ನಿಮ್ಮಪ್ಪನ ಜಾಗಕ್ಕೆ ಅವರ ಹೆಸರು ಹೋಗತ್ತೆ.”

ಅಜ್ಜನ ನರೆತ ತಲೆಯ ಮೇಲೆ ಒಂದು ಕ್ಷಣ ಅವನ ಕಣ್ಣು ನಿಂತಿತು, ಸುಳ್ಳೇಕೆ. ಮರುಕ್ಷಣವೇ ನಾಚಿಕೆಯಾಯಿತು. ಕತ್ತರಿ ತೆಗೆದುಕೊಂಡ. ತನ್ನದೇ ಕೂದಲು ಕತ್ತರಿಸಿದ. ಕಡ್ಡಿ ಗೀರಿದ. ಬೂದಿ ಕಲಸಿದ. ಬಳಿದ. ಹಾಳೆ ಒತ್ತಿದ. ಮಣಮಣ ನಿಂತಿತು. ಬಿಸಿಲು ಒಳಗೆ ಬಂತು.

ಮತ್ತೆ ಫೋನು. ಈ ಸಲ ಅಪ್ಪ.

“ಬಿಟ್ಟುಬಿಟ್ಟರು ಕಣೋ. ನನ್ನ ತಪ್ಪಿಲ್ಲ ಅಂತ ಗೊತ್ತಾಯ್ತು. ವಿಷ ಹಾಕಿದವನು ಯಾರು ಅಂತ ತಿಳೀತಂತೆ, ಹೆಸರು ಇನ್ನೂ ಹೇಳಿಲ್ಲ.” ಅಪ್ಪ ಉಸಿರೆಳೆದುಕೊಂಡರು. “ಪಾಪಿ. ಅಂಥವನನ್ನ ಹೆತ್ತವರು ಯಾರೋ.”

ಇನ್ನೂ ಹಸಿಯಾಗಿದ್ದ ಹಾಳೆಯ ಅಂಚಿಗೆ ಅವನ ಬೆರಳು ಹೋಯಿತು. ಹಿಂದಕ್ಕೆ ತೆಗೆದುಕೊಂಡ. ಮನೆಗೆ ಹೋಗಿ ಊಟ ಮಾಡಪ್ಪ ಎಂದು ಅಪ್ಪನಿಗೆ ಹೇಳಿದ. ಮೆಟ್ಟಿಲ ಮೇಲೆ ಬೂಟುಗಳ ಸದ್ದು ಹತ್ತಿ ಬರುತ್ತಿತ್ತು.