ಎರಡು ಅಂಕದ ಗೆಲುವು

ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಹಿರೇಕೊಪ್ಪದ ಬಾಲಕರ ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಇಪ್ಪತ್ತೆಂಟು ಹುಡುಗರು ಬೀಜಗಣಿತದ ಲೆಕ್ಕ ಬಿಡಿಸುತ್ತಿದ್ದರು. ಬಿಡುವಿನ ಗಂಟೆ ಹೊಡೆದರೂ ಒಬ್ಬನೂ ಏಳಲಿಲ್ಲ.

ಇಸವಿ 2057. ಅವರ ಮುಂದಿದ್ದದ್ದು ಮಿಡಿಹಲಗೆ, ಪ್ರಯೋಗಕ್ಕೆಂದು ತಿಂಗಳ ಹಿಂದೆ ಕೆಲವು ಶಾಲೆಗಳಿಗೆ ಕೊಟ್ಟಿದ್ದ ಯಂತ್ರದ ಪಾಟಿ. ಬೆರಳಿನ ಒತ್ತಡ ಮತ್ತು ನಾಡಿಬಡಿತದಿಂದ ಅದು ಬರೆಯುವವನ ಉತ್ಸಾಹವನ್ನು ಅಳೆಯುತ್ತಿತ್ತು. ಪರದೆಯ ಬಲಬದಿಯಲ್ಲಿ 'ಎದುರಾಳಿ' ಎಂಬ ಒಂದೇ ಪದ, ಕೆಳಗೆ ಅವನ ಅಂಕ. ಆ ಎದುರಾಳಿ ಯಾರೆಂದು ಯಾರೂ ಹೇಳಿರಲಿಲ್ಲ. ಪಕ್ಕದ ಮುದ್ಲಾಪುರದ ಹುಡುಗರೇ ಎಂದು ತರಗತಿ ತಾನೇ ತೀರ್ಮಾನಿಸಿತ್ತು. ಕಬಡ್ಡಿಯಲ್ಲಿ ಮೂರು ವರ್ಷ ಸತತವಾಗಿ ಆ ಊರಿಗೆ ಸೋತವರಿಗೆ ಬೇರೆ ಎದುರಾಳಿ ಹೊಳೆಯುವುದಾದರೂ ಹೇಗೆ?

"ಎಷ್ಟಕ್ಕ ಗೆದ್ದಿಯೋ ಮೈಲಾರಿ?" ಗಣಿತ ಶಿಕ್ಷಕಿ ಶಾಂಭವಿ ಮಠಪತಿ ಕೇಳಿದರು.

"ನಲವತ್ತೆರಡಕ್ಕ ನಲವತ್ತು, ಅಕ್ಕೋರ. ಮುದ್ಲಾಪುರದವ್ರಿಗೆ ಕಾಲಷ್ಟ ಅದಾವ್ರೀ, ತಲಿ ಇಲ್ಲ."

ಕಳೆದ ವರ್ಷ ನೂರಕ್ಕೆ ಒಂಬತ್ತು ತೆಗೆದಿದ್ದ ಹುಡುಗ. ಶಾಂಭವಿಗೆ ಖುಷಿಯಾಗಬೇಕಿತ್ತು. ಆದರೆ ತಿಂಗಳಿಡೀ ನೋಡಿದ್ದರು: ಸೋತವನು ಒಬ್ಬನೂ ಇಲ್ಲ, ಗೆದ್ದವರೆಲ್ಲ ಕೂದಲೆಳೆಯಲ್ಲೇ ಗೆದ್ದವರು. ಅವರು ಮುದ್ಲಾಪುರದ ಗಣಿತ ಮಾಸ್ತರರಿಗೆ ಫೋನ್ ಮಾಡಿದರು.

"ನಿಮ್ಮ ಹುಡುಗ್ರು ಹಲಗಿ ಮ್ಯಾಲ ಹೆಂಗ್ ಮಾಡ್ತಾರ್ರೀ?"

"ದಿನಾ ನಿಮ್ಮವ್ರನ್ನ ಎರಡು ಅಂಕಕ್ಕ ಸೋಲಸ್ತಾರಲ್ರೀ. ನಿಮಗ ಬ್ಯಾಸರ ಆಗತೈತಂತ ಸುಮ್ನಿದ್ದೆ."

ಮಧ್ಯಾಹ್ನ, ಹಲಗೆಯನ್ನು ರೂಪಿಸಿದ ವಿಜ್ಞಾನಿ ವಿದ್ಯಾಧರ ಪ್ರಯೋಗದ ವರದಿಗೆ ಸಹಿ ಕೇಳಿಕೊಂಡು ಬಂದರು. ಸಹಿ ಬಿದ್ದರೆ ಹಲಗೆ ಮುನ್ನೂರು ಶಾಲೆಗಳಿಗೆ ಹೋಗುವುದಿತ್ತು.

"ಎದುರಾಳಿ ಯಾರ್ರೀ?" ಎಂದರು ಶಾಂಭವಿ.

"ಯಾರೂ ಇಲ್ಲ ಮೇಡಂ, ಯಂತ್ರವೇ ಆಡತ್ತೆ. ಹುಡುಗನ ಉತ್ಸಾಹ ಕುಗ್ಗಿದ ಕೂಡಲೇ ಯಂತ್ರ ಬೇಕೆಂದೇ ಒಂದು ತಪ್ಪು ಮಾಡತ್ತೆ. ಆದರೆ ಹುಡುಗ ಬಿಡಿಸಿದ ಲೆಕ್ಕ ನಿಜವಾದದ್ದೇ."

"ಮುದ್ಲಾಪುರದವ್ರು ಅಂತ ನಂಬ್ಯಾರ ಅವ್ರು."

"ನಾವು ಹಾಗೆ ಎಲ್ಲಿ ಬರೆದಿದೀವಿ? ನಿಜ ಹೇಳಿದರೆ ನಾಳೆ ಮೈಲಾರಿ ಲೆಕ್ಕ ಮಾಡ್ತಾನಾ, ನೀವೇ ಹೇಳಿ."

ಶಾಂಭವಿ ವರದಿಯನ್ನು ಪಕ್ಕಕ್ಕಿಟ್ಟರು. ಹೇಳಿದರೆ ಹುಡುಗ ಗಣಿತ ಬಿಟ್ಟಾನು. ಹೇಳದಿದ್ದರೆ, ಅವನ ನಾಡಿ ಹಿಡಿದು ಕುಳಿತವರು ನಾಳೆ ಅವನಿಂದ ಇನ್ನೇನು ಮಾಡಿಸಿಯಾರು? ಸಹಿ ಹಾಕದೆ ತರಗತಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಮೈಲಾರಿ ಹಲಗೆಯನ್ನು ಮಗುಚಿಟ್ಟ.

"ಮುದ್ಲಾಪುರದವ್ರೂ ಗೆದ್ದಿಲ್ಲೇನ್ರೀ?" ಎಂದು ಕೇಳಿದ.

"ಇಲ್ಲ."

"ಹಂಗಾರ ಆಟ ಇನ್ನೂ ಶುರುನ ಆಗಿಲ್ಲ ಅನ್ರೀ."

ಮರುದಿನದಿಂದ ಹದಿನೇಳು ಹುಡುಗರು ಹಲಗೆ ಮುಟ್ಟಲಿಲ್ಲ. ಅವರ ಗಣಿತವೂ ಅಲ್ಲಿಗೇ ನಿಂತಿತು. ಮೈಲಾರಿಯೂ ಸೇರಿ ಹನ್ನೊಂದು ಮಂದಿ ಶನಿವಾರ ಸೈಕಲ್ಲಿನಲ್ಲಿ ಮುದ್ಲಾಪುರಕ್ಕೆ ಹೋಗಿ, ಕಾಗದದ ಮೇಲೆ ಲೆಕ್ಕ ಬಿಡಿಸುವ ಪಂದ್ಯ ಕಟ್ಟಿ, ಹನ್ನೆರಡು ಅಂಕಗಳಿಂದ ಸೋತು ಬಂದರು.

ವರದಿಗೆ ಬೇರೊಬ್ಬರ ಸಹಿ ಬಿತ್ತು. ಜೂನ್ ತಿಂಗಳಲ್ಲಿ ಹಲಗೆಗಳು ಮುನ್ನೂರು ಶಾಲೆಗಳನ್ನು ತಲುಪಿದವು. ಈ ಸಲ ಆ ಇಲ್ಲದ ಎದುರಾಳಿಗೆ ಹೆಸರು, ಊರು, ಭಾವಚಿತ್ರ ಎಲ್ಲವೂ ಇದ್ದವು.